52ರಲ್ಲಿ 38 ಕಳೆದರೆ 26 ಬರೆಯುವ ಮಕ್ಕಳಿಗೆ ಹೇಗೆ ಹೇಳಿಕೊಡುವುದು?

ಇದು ಗಡಿಬಿಡಿಯ ತಪ್ಪಲ್ಲ. 2ರಿಂದ 8 ಹೋಗುವುದಿಲ್ಲ ಅಂತ ಮಕ್ಕಳು 8ರಿಂದ 2 ಕಳೆದಿದ್ದಾರೆ. ಡಿ.ಎಡ್. (ಶಿಕ್ಷಕ ತರಬೇತಿ) ಅಭ್ಯಾಸ ಪಾಠದಲ್ಲಿ ನೀವು ಮಕ್ಕಳಿಗೆ ಹೇಳಿದ 'ಪಕ್ಕದ ಮನೆಯಿಂದ ಸಾಲ', ಅಂದರೆ ಹತ್ತರ ಸ್ಥಾನದಿಂದ ಒಂದು ಹತ್ತು ತರುವುದು, ಬರೀ ಬಾಯಿಪಾಠ ಆಗಿರಬೇಕು.

ನಾಳೆ ಬೋರ್ಡ್ ಬಿಡಿ. ಹಿಡಿಸೂಡಿ (ಪೊರಕೆ) ಕಡ್ಡಿ ಮುರಿದು ಹತ್ತತ್ತರ ಕಟ್ಟು ಮಾಡಿ, ರಬ್ಬರ್ ಬ್ಯಾಂಡ್ ಹಾಕಿ. ನಮ್ಮ ಉಡುಪಿಯಲ್ಲಿ ಕಡ್ಡಿಗೇನು ಬರವಾ? ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು 38 ವಾಪಸ್ ಕೇಳಿ. ಮೂರು ಕಟ್ಟು ಮೊದಲು ಕೊಟ್ಟರೆ ತಡೆಯಬೇಡಿ. ಎಂಟು ಬಿಡಿ ಸಿಗದೆ ಮಗು ನಿಮ್ಮ ಮುಖ ನೋಡುತ್ತದೆ. ಸುಮ್ನೆ ಕಾಯಿರಿ. ರಬ್ಬರ್ ಮಗುವೇ ಬಿಚ್ಚಬೇಕು, ನೀವಲ್ಲ. ಈಗ ಬಿಡಿ 12. ಎಂಟು ಕೊಟ್ಟರೆ ಉಳಿಯುವುದು ಒಂದು ಕಟ್ಟು, ನಾಲ್ಕು ಬಿಡಿ, ಅಂದರೆ 14.

ಆಮೇಲೆ ಪುಸ್ತಕದಲ್ಲಿ ಬರೆಸಿ. ಒಂದು ಪೀರಿಯಡ್ ಸಾಕಾಗಲಿಕ್ಕಿಲ್ಲ. 50ರಲ್ಲಿ 27ರಂಥ ಸೊನ್ನೆ ಲೆಕ್ಕ ಕೊನೆಗಿಡಿ.