ಪ್ರತಿಕಾಯ ಇದ್ದೂ ವೈರಸ್ ಸಾಯದೇಕೆ?

ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಓದುಗರೊಬ್ಬರು ಕೇಳಿದ್ದಾರೆ: “ಎಚ್‌ಐವಿ ಪರೀಕ್ಷೆಯಲ್ಲಿ ನಾವು ಹುಡುಕುವುದೇ ಪ್ರತಿಕಾಯಗಳನ್ನು. ಅವು ರಕ್ತದಲ್ಲಿದ್ದೂ ವೈರಸ್ ಸಾಯುವುದಿಲ್ಲ. ಹಾಗಿದ್ದಮೇಲೆ ಪ್ರತಿಕಾಯಗಳನ್ನೇ ನಂಬಿ ಲಸಿಕೆ ಮಾಡಲು ಹೊರಟಿರುವುದೇಕೆ?”

ಉತ್ತರ: ನಿಮ್ಮ ಪ್ರಶ್ನೆ ಈ ಸಂಶೋಧನೆಯ ಮರ್ಮಕ್ಕೇ ಕೈ ಹಾಕಿದೆ. ಪ್ರತಿಕಾಯವೆಂದರೆ ರೋಗಾಣುವಿಗೆ ಅಂಟಿಕೊಳ್ಳಲೆಂದು ದೇಹ ತಯಾರಿಸುವ ಪ್ರೋಟೀನು. ಪರೀಕ್ಷಾಪಟ್ಟಿಯಲ್ಲಿ ಗೆರೆ ಮೂಡಿಸುವ ಪ್ರತಿಕಾಯಗಳಲ್ಲಿ ಬಹುಪಾಲು ವೈರಸ್ಸಿನ ಭಾಗಗಳಿಗೆ ಅಂಟಿಕೊಳ್ಳುತ್ತವೆ, ಅಷ್ಟೆ, ಅದನ್ನು ತಡೆಯುವುದಿಲ್ಲ. ವೈರಸ್ಸಿನ ಹೊರಮೈ ಮುಳ್ಳುಗಳನ್ನು ನಮ್ಮದೇ ಜೀವಕೋಶ ತಯಾರಿಸಿದ ಸಕ್ಕರೆ ಸರಪಳಿಗಳು ಮುಚ್ಚಿರುತ್ತವೆ. ತೆರೆದುಕೊಂಡ ಭಾಗಗಳೋ, ರೂಪ ಬದಲಿಸುತ್ತಲೇ ಇರುತ್ತವೆ.

ಆದರೆ ಕೆಲವು ಸೋಂಕಿತರಲ್ಲಿ, ವರ್ಷಗಳ ನಂತರ, ಬೇರೆಯೇ ಬಗೆಯ ಪ್ರತಿಕಾಯ ಹುಟ್ಟುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ವಿಆರ್‌ಸಿ01 ಅಂಥದ್ದು. ಪ್ರಯೋಗಾಲಯದಲ್ಲಿ ಅದು ಎಚ್‌ಐವಿ ತಳಿಗಳಲ್ಲಿ ಸುಮಾರು ಶೇ 90ರಷ್ಟನ್ನು ತಡೆಯಿತು. ಸಿಡಿ4 ಎಂಬ ರೋಗನಿರೋಧಕ ಕೋಶವನ್ನು ಹಿಡಿಯಲು ವೈರಸ್ ಬಳಸುವ ತಾಣಕ್ಕೇ ಅದು ಕೂರುತ್ತದೆ. ಆ ತಾಣವನ್ನು ಬದಲಿಸಿಕೊಂಡರೆ ವೈರಸ್ಸಿಗೇ ನಷ್ಟ. ನೋವಿನ ಸಂಗತಿಯೆಂದರೆ, ಇಂಥ ಪ್ರತಿಕಾಯ ಸಾಮಾನ್ಯವಾಗಿ ಅದನ್ನು ಹುಟ್ಟಿಸಿದ ವ್ಯಕ್ತಿಯನ್ನೇ ಕಾಪಾಡುವುದಿಲ್ಲ. ಅಷ್ಟರಲ್ಲಿ ಅವರೊಳಗಿನ ವೈರಸ್ ಅದರಿಂದ ನುಣುಚಿಕೊಂಡಿರುತ್ತದೆ.

ಸೋಂಕಿಗೆ ಮೊದಲೇ ಅದು ದೇಹದಲ್ಲಿದ್ದರೆ? 2021ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಸೋಂಕಿಲ್ಲದವರ ರಕ್ತನಾಳಕ್ಕೆ ವಿಆರ್‌ಸಿ01 ಅನ್ನೇ ಹರಿಸಲಾಯಿತು. ಒಟ್ಟಾರೆ ಸೋಂಕು ತಗ್ಗಲಿಲ್ಲ. ಆದರೆ ಅದಕ್ಕೆ ಬಗ್ಗುವ ತಳಿಗಳ ಸೋಂಕು ಸುಮಾರು ಶೇ 75ರಷ್ಟು ಇಳಿಯಿತು. ಒಂದೇ ಪ್ರತಿಕಾಯ ಸಾಲದು, ದಾರಿ ಮಾತ್ರ ಸರಿ ಎಂದು ನಾನು ಇದನ್ನು ಓದುತ್ತೇನೆ.

ಇಂಥ ಪ್ರತಿಕಾಯವನ್ನು ದೇಹವೇ ತಯಾರಿಸುವಂತೆ ಮಾಡುವುದೇ ಕಠಿಣ. ಅದನ್ನು ಹುಟ್ಟಿಸಬಲ್ಲ ಮೂಲ ಬಿ ಕೋಶಗಳು (ಪ್ರತಿಕಾಯ ತಯಾರಿಸುವ ರಕ್ತಕಣಗಳು) ಅಪರೂಪ; ಬಲಿಯಲು ಅವು ಹತ್ತಾರು ರೂಪಾಂತರಗಳನ್ನು ದಾಟಬೇಕು. ಅಕ್ಷರಮಾಲೆ ಕಲಿಸದೆ ಮಗುವಿನ ಕೈಗೆ ಹಳಗನ್ನಡ ಕಾವ್ಯ ಕೊಟ್ಟರೆ ಆಗದು. ಹಾಗಾಗಿ ವಿಜ್ಞಾನಿಗಳು ಬಲಿತ ಪ್ರತಿಕಾಯದಿಂದ ಹಿಂದಕ್ಕೆ ನಡೆದು, ಮೂಲ ಕೋಶವನ್ನಷ್ಟೇ ಎಬ್ಬಿಸುವ ಮೊದಲ ಚುಚ್ಚುಮದ್ದನ್ನು ರೂಪಿಸಿದರು. ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ವಿಲಿಯಂ ಶೀಫ್ ತಂಡದ ಇಒಡಿ-ಜಿಟಿ8 ಅಂಥದ್ದು. 2022ರ ವರದಿಯಂತೆ ಅದನ್ನು ಪಡೆದ 36 ಜನರಲ್ಲಿ 35 ಮಂದಿಯಲ್ಲಿ ಬೇಕಾದ ಕೋಶಗಳೇ ಎಚ್ಚೆತ್ತವು. ಈ ಅಂಕಿ ನೋಡಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ರಾಘವನ್ ವರದರಾಜನ್ ಅವರ ತಂಡ ಎಚ್‌ಐವಿ ಹೊರಪ್ರೋಟೀನಿನ ತುಣುಕುಗಳನ್ನು ವಿನ್ಯಾಸಗೊಳಿಸಿದೆ.

ಇದೇ ಮೊದಲ ಮದ್ದನ್ನು ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಕೋಶಕ್ಕೆ ಕೊಡುವ ಸೂಚನೆ) ರೂಪದಲ್ಲಿ ಕೊಟ್ಟ, 2025ರಲ್ಲಿ ಪ್ರಕಟವಾದ ಪ್ರಯೋಗಗಳು ಅಮೆರಿಕದ ಜೊತೆಗೆ ರುವಾಂಡ, ದಕ್ಷಿಣ ಆಫ್ರಿಕಾಗಳಲ್ಲೂ ನಡೆದವು. ಅಮೆರಿಕದಲ್ಲಿ ಮೊದಲ ಮದ್ದಿನ ಬಳಿಕ ಬೇರೆಯದೇ ಎರಡನೆಯದನ್ನು ಪಡೆದವರಲ್ಲಿ ಪ್ರತಿಕಾಯ ಇನ್ನೊಂದು ಹಂತ ಬಲಿಯಿತು. ಕೆಲವರಿಗೆ ತುರಿಕೆ, ದದ್ದು ಕಾಣಿಸಿಕೊಂಡವು. ಅದಕ್ಕೆ ಪರಿಹಾರ ಬೇಕು. ಪೂರ್ಣ ಬಲಿತ ಪ್ರತಿಕಾಯ ಮೂಡಿಸಲು ಮುಂದಿನ ಮದ್ದುಗಳೂ ಬೇಕು.