ಮಂಗೋಲರ ಗೆರ್ ಮೊಳೆ, ಗೂಟ ಇಲ್ಲದೆ ಗಾಳಿಗೆ ಹೇಗೆ ನಿಲ್ಲುತ್ತದೆ?

ಮೊಳೆ ಹೊಡೆಯದೆ, ನೆಲಕ್ಕೆ ಗೂಟ ಬಡಿಯದೆ ಎಬ್ಬಿಸುವ ಮಂಗೋಲರ ದುಂಡು ಮನೆ 'ಗೆರ್' ಬಯಲುಗಾಳಿಗೆ ಯಾಕೆ ಹಾರಿಹೋಗುವುದಿಲ್ಲ, ಅದನ್ನು ಕಟ್ಟುವುದು ಹೇಗೆ ಎಂದು ಕೇಳಿದ್ದೀರಿ. ಅದನ್ನು ಹಿಡಿದು ನಿಲ್ಲಿಸಿರುವುದು ಹಗ್ಗ. ಫೋಟೊಗಳಲ್ಲಿ ಬಣ್ಣದ ಬಾಗಿಲು, ಬಿಳಿ ಹೊದಿಕೆ ಎದ್ದು ಕಾಣುತ್ತವೆ, ಹಗ್ಗದ ಕಡೆ ಯಾರ ಗಮನವೂ ಹೋಗುವುದಿಲ್ಲ.

ಗೋಡೆಯ ಒಂದೊಂದು ತುಂಡಿಗೆ 'ಖನ' ಎನ್ನುತ್ತಾರೆ. ವಿಲೋ ಮರದ ಪಟ್ಟಿಗಳನ್ನು ಓರೆಯಾಗಿ ಒಂದರ ಮೇಲೊಂದಿಟ್ಟು, ಕೂಡುವಲ್ಲಿ ತೂತು ಕೊರೆದು, ಹಸಿ ಚರ್ಮದ ದಾರ ಪೋಣಿಸಿ ಗಂಟು ಹಾಕಿದ ಜಾಲರಿ ಅದು. ಚರ್ಮ ಒಣಗಿ ಬಿಗಿದರೂ ಗಂಟು ತಿರುಗುತ್ತದೆ. ಹಾಗಾಗಿ ಜಾಲರಿಯನ್ನು ಮಡಚಬಹುದು, ಎಳೆದು ಹಿಗ್ಗಿಸಬಹುದು. ಕುಟುಂಬಗಳಲ್ಲಿ ಹೆಚ್ಚಾಗಿ ಕಾಣುವುದು 5 ಖನಗಳ ಗೆರ್. ನೆತ್ತಿಯ ಬಳೆ 'ತೋನೊ', ಅದಕ್ಕೆ ಆಸರೆಯಾದ ಎರಡು ಕಂಬ 'ಬಗನ', ಚಾವಣಿಯ ಗಳುಗಳು 'ಉನಿ'.

ಮೊದಲು ಸಮತಟ್ಟಾದ, ನೀರು ನಿಲ್ಲದ ಜಾಗ ಹುಡುಕಬೇಕು. ನೆಲಹಾಸು ಹಾಕಿ, ಒಲೆ, ಮಂಚ, ಪೆಟ್ಟಿಗೆಗಳನ್ನು ಗೋಡೆ ಏಳುವ ಮೊದಲೇ ಒಳಗಿಡುತ್ತಾರೆ, ಏಕೆಂದರೆ ಆಮೇಲೆ ಆ ಗಿಡ್ಡ ಬಾಗಿಲಲ್ಲಿ ಅವು ತೂರುವುದಿಲ್ಲ. ಬಾಗಿಲು ದಕ್ಷಿಣಕ್ಕೆ. ಅದರ ಎರಡೂ ಬದಿಯಿಂದ ಖನಗಳನ್ನು ಬಿಡಿಸಿ, ಅಂಚಿಗೆ ಅಂಚು ಹೆಣೆದು ಕಟ್ಟುತ್ತಾ ಸುತ್ತು ಮುಗಿಸುತ್ತಾರೆ. ಎಲ್ಲ ಖನವನ್ನೂ ಒಂದೇ ಸಮ ಹಿಗ್ಗಿಸದಿದ್ದರೆ ವೃತ್ತ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆಗ ಒಂದು ಕಡೆ ಉನಿ ಎಟುಕುವುದಿಲ್ಲ, ಇನ್ನೊಂದು ಕಡೆ ಸಡಿಲ.

ಈಗ ಬರುತ್ತದೆ ಮುಖ್ಯ ಕೆಲಸ. ಬಾಗಿಲ ಚೌಕಟ್ಟಿನ ಒಂದು ಬದಿಗೆ ಹಗ್ಗ ಕಟ್ಟಿ, ಖನದ ಮೇಲ್ಭಾಗವನ್ನು ಸುತ್ತಿಸಿ, ಇನ್ನೊಂದು ಬದಿಗೆ ಬಿಗಿದು ಕಟ್ಟಬೇಕು. ಬಳಿಕ ಒಬ್ಬರು ನಡುವೆ ಬಗನದ ಮೇಲೆ ತೋನೊ ಎತ್ತಿ ಹಿಡಿದರೆ, ಉಳಿದವರು ಮೊದಲು ನಾಲ್ಕು ದಿಕ್ಕಿನಿಂದ ನಾಲ್ಕು ಉನಿ ಸೇರಿಸಿ ಅದನ್ನು ನಿಲ್ಲಿಸುತ್ತಾರೆ. ಉನಿಯ ತುದಿ ತೋನೊದ ತೂತಿಗೆ, ಬುಡದ ಕುಣಿಕೆ ಖನದ ಕವಲಿಗೆ. ಗಾಡಿಚಕ್ರದ ಗುಂಭಕ್ಕೆ ಅರಗಳು ಕೂತ ಹಾಗೆ. ಚಾವಣಿಯ ಭಾರ ಒಂದು ಕಡೆ ತೋನೊವನ್ನು ಒಳಕ್ಕೆ ಒತ್ತುತ್ತದೆ, ಇನ್ನೊಂದು ಕಡೆ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯನ್ನು ತಡೆಯುವುದು ಈ ಒಳಹಗ್ಗವೇ. ಸಡಿಲವಿದ್ದರೆ ಖನ ಹೊರಕ್ಕೆ ಒರಗುತ್ತದೆ, ತೋನೊ ಕುಸಿದು ವಾಲುತ್ತದೆ. ಹೊದಿಕೆ ಏರಿಸಿದ ಮೇಲೆ ಇದನ್ನು ಸರಿಪಡಿಸಲು ಹೋದರೆ ಎಲ್ಲವನ್ನೂ ಮತ್ತೆ ಇಳಿಸಬೇಕಾಗುತ್ತದೆ.

ಮೇಲೆ ಹೊದಿಸುವುದು ನೇಯ್ದ ಬಟ್ಟೆಯಲ್ಲ, ಫೆಲ್ಟ್. ಕುರಿಯ ಉಣ್ಣೆಯನ್ನು ಬಡಿದು ಬಿಡಿಸಿ, ಹಳೆಯ ಫೆಲ್ಟಿನ ಮೇಲೆ ಪದರ ಪದರವಾಗಿ ಹರಡಿ, ನೀರು ಚಿಮುಕಿಸಿ, ಗಳಕ್ಕೆ ಸುತ್ತಿ, ಕುದುರೆಗೋ ಒಂಟೆಗೋ ಕಟ್ಟಿ ಬಯಲಲ್ಲಿ ಉರುಳಿಸುತ್ತಾರೆ. ಉರುಳಿದಷ್ಟೂ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಬೇಸಿಗೆಗೆ ಒಂದು ಪದರ ಸಾಕು, ಚಳಿಗಾಲಕ್ಕೆ ಎರಡು ಮೂರು. ಅದರ ಮೇಲೆ ಕ್ಯಾನ್ವಾಸ್, ಕೊನೆಗೆ ಗೋಡೆಯ ಸುತ್ತ ಹೊರಗಿನಿಂದ ಎರಡು ಮೂರು ಸಾಲು ಹಗ್ಗ. ಫೆಲ್ಟ್ ಒದ್ದೆಯಾದರೆ ಭಾರ ಹೆಚ್ಚಿ, ಬೆಚ್ಚಗಿಡುವ ಗುಣವೂ ಕುಗ್ಗುತ್ತದೆ. ಒದ್ದೆಯಾಗಿಯೇ ಸುತ್ತಿಟ್ಟರೆ ಕೊಳೆಯುತ್ತದೆ.

ಇನ್ನು ಗಾಳಿಯ ಮಾತು. ದುಂಡು ಗೋಡೆಗೆ ಮೂಲೆಯಿಲ್ಲ, ಗಾಳಿ ಬಳಸಿಕೊಂಡು ಹೋಗುತ್ತದೆ. ಆದರೂ ಬಿರುಗಾಳಿ ಚಾವಣಿಯನ್ನು ಮೇಲಕ್ಕೆಳೆಯುತ್ತದೆ. ಅದಕ್ಕಾಗಿ ತೋನೊದಿಂದ 'ಚಗ್ತಗ' ಎಂಬ ಹಗ್ಗ ಇಳಿಬಿಟ್ಟಿರುತ್ತಾರೆ. ಮಾಮೂಲಿ ದಿನ ಅದು ಉನಿಗಳ ನಡುವೆ ಸಿಕ್ಕಿಸಿದ್ದು, ಬರೀ ಅಲಂಕಾರ ಅನ್ನಿಸುತ್ತದೆ. ಗಾಳಿ ಜೋರಾದಾಗ ಅದಕ್ಕೆ ಭಾರ ಕಟ್ಟುತ್ತಾರೆ ಅಥವಾ ಜನರೇ ಜಗ್ಗಿ ಹಿಡಿಯುತ್ತಾರೆ. ಖನವನ್ನು ಅಗಲಕ್ಕೆ ಹಿಗ್ಗಿಸಿ ಇಡೀ ಗೆರ್ ತಗ್ಗಿಸುವುದೂ ಉಂಟು. ಮಳೆಗಾಲಕ್ಕೆ ಅದೇ ಖನವನ್ನು ಕಿರಿದುಮಾಡಿದರೆ ಗೋಡೆ ಎತ್ತರವಾಗಿ, ಚಾವಣಿ ಕಡಿದಾಗಿ, ನೀರು ಬೇಗ ಇಳಿದುಹೋಗುತ್ತದೆ. ಅದೇ ಮರ, ಅದೇ ಹಗ್ಗ, ಎರಡು ಹವಾಮಾನಕ್ಕೆ ಎರಡು ಆಕಾರ! ಈ ಕಸುಬನ್ನು 2013ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿದ್ದು ನನ್ನ ಪ್ರಕಾರ ತೀರಾ ತಡ.

ಅಂದಹಾಗೆ, ಹಿಂದೆ ಎಲ್ಲ ಗೆರ್‌ಗಳನ್ನೂ ಬಿಚ್ಚಿ ಸಾಗಿಸುತ್ತಿರಲಿಲ್ಲ. 1253ರಲ್ಲಿ ಮಂಗೋಲರ ನಾಡಿಗೆ ಹೊರಟ ಪಾದ್ರಿ ರುಬ್ರುಕ್‌ನ ವಿಲಿಯಂ, ಗಾಡಿಯ ಮೇಲೆ ಇಡಿಯಾಗಿ ಕೂರಿಸಿದ ಮನೆಯನ್ನು 22 ಎತ್ತುಗಳು ಎಳೆಯುವುದನ್ನು ಕಂಡು ಬರೆದಿಟ್ಟಿದ್ದಾನೆ. ಇಂದಿನ ಕುರಿಗಾಹಿಗಳ ಗೆರ್ ಮಾತ್ರ ಬಿಚ್ಚಿ ಹೇರುವಂಥದ್ದು. ಕೈ ಪಳಗಿದ ಎರಡು ಮೂರು ಜನರಿದ್ದರೆ ಒಂದೆರಡು ಗಂಟೆಯಲ್ಲಿ ಮತ್ತೆ ಎದ್ದು ನಿಲ್ಲುತ್ತದೆ.