ಮಗನ ಯಾರ್ಡ್ ಕೂಡಿಸುವ ಮೊದಲು ಅವನ ಮುಂದೆ ನಿಂತ ಐವರನ್ನು ನೋಡಿ

ನಿಮ್ಮ ಮಗನ ಬಗ್ಗೆ ಕೇಳಿ ಬರೆದಿದ್ದೀರಿ. ಅಂಥದೇ ಹುಡುಗ ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲೂ ಇದ್ದ. ಹೈಸ್ಕೂಲ್‌ನ ಅಮೆರಿಕನ್ ಫುಟ್‌ಬಾಲ್ ತಂಡದ ರನ್ನಿಂಗ್ ಬ್ಯಾಕ್, ಎಂದರೆ ಚೆಂಡು ಹಿಡಿದು ಓಡುವವನು, ಶುಕ್ರವಾರದ ಪಂದ್ಯ ಬಂತೆಂದರೆ ನೂರು ಯಾರ್ಡ್ ದಾಟುವವನು. ಅಪ್ಪನ ಕೆಲಸಕ್ಕಾಗಿ ಊರು ಬದಲಾಗಬೇಕು. ಇಷ್ಟೆಲ್ಲ ಓಡಿದ್ದು ಅವನ ಪ್ರತಿಭೆಯೋ ಈಗಿನ ಕೋಚ್‌ನ ಸಿಸ್ಟಮ್ಮೋ ಎಂದು ನೀವಾದರೂ ಕೇಳುತ್ತಿದ್ದೀರಿ. ನಾನು ಕೇಳಲೂ ಇಲ್ಲ, ಪ್ರತಿಭೆ ಎಂದೇ ತೀರ್ಮಾನಿಸಿಬಿಟ್ಟಿದ್ದೆ.

ಆಗ ನಾವಿದ್ದದ್ದು ಓಹಾಯೋದ ಒಂದು ಸಣ್ಣ ಊರಿನಲ್ಲಿ. ಅಲ್ಲಿನ ತಂಡ ಆಡುತ್ತಿದ್ದದ್ದು ವಿಂಗ್-ಟಿ ಎಂಬ ಹಳೆಯ ಪದ್ಧತಿ. ಚೆಂಡು ಯಾರ ಕೈ ಸೇರಿತು ಎಂದು ಎದುರಾಳಿಗೆ ತಿಳಿಯುವಷ್ಟರಲ್ಲಿ, ಮುಂದೆ ಸಾಲಾಗಿ ನಿಂತು ದಾರಿ ಮಾಡಿಕೊಡುವ ಐವರ ಲೈನ್‌ನಲ್ಲಿರುವ ಗಾರ್ಡ್ ತನ್ನ ಜಾಗ ಬಿಟ್ಟು ಆಚೆ ಬದಿಗೆ ನುಗ್ಗಿ ಅಡ್ಡ ಬಂದವನನ್ನು ತಳ್ಳಿಹಾಕುತ್ತಾನೆ. ನನ್ನ ಮಗ ಆ ಗಾರ್ಡ್‌ನ ಬೆನ್ನಿಗಂಟಿಕೊಂಡು ಓಡುತ್ತಿದ್ದ. ನನ್ನ ಕಣ್ಣು ಇದ್ದದ್ದು ಮಗನ ಮೇಲೆ ಮಾತ್ರ.

ಕೆಲಸ ಡಾಲಸ್‌ಗೆ ಬಂದಾಗ ಎರಡು ಶಾಲೆಗಳ ವ್ಯಾಪ್ತಿಯಲ್ಲಿ ಮನೆ ಸಿಗುತ್ತಿತ್ತು. ಒಂದರ ತಂಡ ಸಾಧಾರಣ, ಆದರೆ ಓಟವನ್ನೇ ನೆಚ್ಚಿಕೊಂಡಿದ್ದು. ಇನ್ನೊಂದು ಹೆಸರುವಾಸಿ, ಆಟಗಾರರನ್ನು ಅಗಲಕ್ಕೆ ಹರಡಿ ನಿಲ್ಲಿಸುವ ಸ್ಪ್ರೆಡ್ ಆಡುವ ತಂಡ, ಚೆಂಡು ಎಸೆದು ಆಡುವ ಪಾಸಿಂಗ್‌ಗೇ ಹೆಚ್ಚು ಒತ್ತು. ಇಷ್ಟು ಓಡುವವನು ಎಲ್ಲಿ ಬಿಟ್ಟರೂ ಓಡುತ್ತಾನೆ ಎಂದುಕೊಂಡು ಹೆಸರುವಾಸಿ ಶಾಲೆಯ ಕಡೆಯೇ ಮನೆ ಹಿಡಿದೆ. ಚಿನ್ನಸ್ವಾಮಿಯಲ್ಲಿ ಹೊಡೆದ ಸಿಕ್ಸರ್ ನೋಡಿ ಮೆಲ್ಬರ್ನ್‌ನಲ್ಲೂ ಹೊಡೆಯುತ್ತಾನೆ ಎಂದು ಲೆಕ್ಕ ಹಾಕಿದ ಹಾಗೆ.

ತಪ್ಪಾದದ್ದು ಎಲ್ಲಿ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಪ್ರತಿ ಪಂದ್ಯದ ಒಟ್ಟು ಯಾರ್ಡ್ ಬರೆದಿಡುತ್ತಿದ್ದೆ. ಮೊದಲ ಎದುರಾಳಿ ಅವನನ್ನು ಮುಟ್ಟುವ ಮುಂಚೆ ಎಷ್ಟು ಯಾರ್ಡ್, ಮುಟ್ಟಿದ ಮೇಲೆ ಎಷ್ಟು ಎಂದು ಬೇರೆ ಮಾಡಿ ನೋಡಲೇ ಇಲ್ಲ. ಆಮೇಲೆ ಹಳೆಯ ವಿಡಿಯೊ ಹಾಕಿಕೊಂಡು ಕೂತಾಗ ಗೊತ್ತಾಯಿತು: ಐದಾರು ಯಾರ್ಡ್ ಅವನನ್ನು ಯಾರೂ ಮುಟ್ಟಿಲ್ಲ, ಮುಟ್ಟಿದ ಕೂಡಲೇ ಬಿದ್ದಿದ್ದಾನೆ. ಆ ಐದಾರು ಯಾರ್ಡ್ ಗಾರ್ಡ್‌ನ ಸಂಪಾದನೆ. ಇನ್ನೊಂದು ವಿಷಯ, ಪಾಸ್ ಆಡುವ ತಂಡದಲ್ಲಿ ರನ್ನಿಂಗ್ ಬ್ಯಾಕ್ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಪಾಡಬೇಕು. ಬ್ಲಿಟ್ಜ್ ಬರುವ, ಎಂದರೆ ಅವನ ಮೇಲೆ ನುಗ್ಗಿ ಬರುವ ಎದುರಾಳಿ ಲೈನ್‌ಬ್ಯಾಕರ್ ಯಾರೆಂದು ಮೊದಲೇ ಗುರುತಿಸಿ, ಎದೆಗೆ ಎದೆ ಕೊಟ್ಟು ತಡೆಯಬೇಕು. ಹೊಸ ಶಾಲೆಯ ಪ್ರಾಕ್ಟೀಸ್‌ನಲ್ಲಿ ನಾನೇ ನಿಂತು ನೋಡಿದೆ. ನನ್ನ ಮಗ ತಲೆ ತಗ್ಗಿಸಿ ಭುಜ ಮುಂದೆ ಮಾಡಿ ನುಗ್ಗಿದ, ಲೈನ್‌ಬ್ಯಾಕರ್ ಒಂದು ಕೈಯಲ್ಲಿ ಅವನನ್ನು ಪಕ್ಕಕ್ಕೆ ಸರಿಸಿ ಸೀದಾ ಕ್ವಾರ್ಟರ್‌ಬ್ಯಾಕ್ ಹತ್ತಿರ ಹೋಗಿ ನಿಂತ. ಮತ್ತೆ ಆಡಿಸಿದರು, ಮತ್ತೆ ಅದೇ ಆಯಿತು. ತನ್ನ ಕ್ವಾರ್ಟರ್‌ಬ್ಯಾಕ್‌ಗೆ ಏಟು ಬೀಳುತ್ತದೆ ಎಂದರೆ ಯಾವ ಕೋಚ್ ತಾನೆ ಅಂಥವನನ್ನು ಇಳಿಸುತ್ತಾನೆ? ಆ ಸೀಸನ್ ಪೂರ್ತಿ ಬೆಂಚಿನಲ್ಲೇ ಕಳೆಯಿತು. ಹೀಗೆ ಅಡ್ಡ ನಿಂತು ತಡೆಯುವ ಬ್ಲಾಕಿಂಗ್ ಆಮೇಲೆ ಕಲಿತ. ಅಷ್ಟರಲ್ಲಿ ಆ ಜಾಗ ಇನ್ನೊಬ್ಬನದಾಗಿತ್ತು.

ಡಾಲಸ್‌ಗೆ ಹೊರಟವನಿಗೆ ಡಿಮಾರ್ಕೊ ಮರ್ರಿಯ ಕಥೆ ನೆನಪಾಗಬೇಕಿತ್ತು. 2014ರಲ್ಲಿ ಡಾಲಸ್‌ನ ಕೌಬಾಯ್ಸ್ ತಂಡಕ್ಕೆ 1,845 ಯಾರ್ಡ್ ಓಡಿ ವೃತ್ತಿಪರ ಲೀಗ್ ಆದ ಇಡೀ ಎನ್‌ಎಫ್‌ಎಲ್‌ಗೇ ಮೊದಲಿಗನಾದ. ಅವನ ಮುಂದಿದ್ದವರು ಟೈರನ್ ಸ್ಮಿತ್, ಟ್ರಾವಿಸ್ ಫ್ರೆಡೆರಿಕ್, ಜ್ಯಾಕ್ ಮಾರ್ಟಿನ್, ಮೂವರೂ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಆಯ್ಕೆಯಾದವರು. ಮರ್ರಿ ಕ್ವಾರ್ಟರ್‌ಬ್ಯಾಕ್‌ನ ಹಿಂದೆ ದೂರದಲ್ಲಿ ನಿಂತು, ವೇಗ ಹಿಡಿದು ಬಂದು ಚೆಂಡು ಪಡೆಯುತ್ತಿದ್ದ. ಮರುವರ್ಷ ಫಿಲಡೆಲ್ಫಿಯಾದ ಈಗಲ್ಸ್ ತಂಡಕ್ಕೆ ಹೋದ. ಅಲ್ಲಿನ ಕೋಚ್ ಚಿಪ್ ಕೆಲ್ಲಿಯ ಪದ್ಧತಿಯಲ್ಲಿ ಕ್ವಾರ್ಟರ್‌ಬ್ಯಾಕ್ ಪಕ್ಕದಲ್ಲೇ ನಿಂತು ಅಡ್ಡಡ್ಡ ಓಡಬೇಕು. 702 ಯಾರ್ಡ್‌ಗೆ ನಿಂತುಹೋದ. ಇತ್ತ ಡಾಲಸ್‌ನಲ್ಲಿ ಅದೇ ಲೈನ್ ಹಿಂದೆ ಡ್ಯಾರೆನ್ ಮೆಕ್‌ಫ್ಯಾಡೆನ್ ಸಾವಿರ ದಾಟಿದ. ಹಾಗಾದರೆ ಮರ್ರಿಯಲ್ಲಿ ಪ್ರತಿಭೆ ಇರಲಿಲ್ಲ ಅನ್ನೋಣವೇ? 2016ರಲ್ಲಿ ಟೆನೆಸ್ಸಿಗೆ ಹೋಗಿ 1,287 ಯಾರ್ಡ್ ಓಡಿದನಲ್ಲ!

ಅದಕ್ಕೇ ನಿಮ್ಮ ‘ಇದೋ ಅದೋ’ ಪ್ರಶ್ನೆ ನನಗೆ ಒಪ್ಪಿಗೆಯಿಲ್ಲ. ಡೆನ್ವರ್‌ನಲ್ಲಿ ಕೋಚ್ ಮೈಕ್ ಶಾನಹಾನ್ ಕಾಲದಲ್ಲಿ ಟೆರೆಲ್ ಡೇವಿಸ್ 1998ರಲ್ಲಿ 2,008 ಯಾರ್ಡ್ ಓಡಿದ, ಅವನಿಗೆ ಗಾಯವಾದಾಗ 1999ರಲ್ಲಿ ಒಲಾಂಡಿಸ್ ಗ್ಯಾರಿ, 2000ದಲ್ಲಿ ಮೈಕ್ ಆಂಡರ್ಸನ್ ಸಾವಿರ ದಾಟಿದರು. ಸಾವಿರ ಸಿಸ್ಟಮ್ ಕೊಟ್ಟೀತು, ಆ ಮೂವರಲ್ಲಿ ಎರಡು ಸಾವಿರ ಮುಟ್ಟಿದವನು ಡೇವಿಸ್ ಒಬ್ಬನೇ. ಸೇಕ್ವಾನ್ ಬಾರ್ಕ್ಲಿ 2023ರಲ್ಲಿ ಜೈಂಟ್ಸ್‌ನಲ್ಲಿ ಸಾವಿರವನ್ನೂ ಮುಟ್ಟಲಿಲ್ಲ. 2024ರಲ್ಲಿ ಈಗಲ್ಸ್‌ನ ಲೈನ್ ಹಿಂದೆ 2,005. ದಾರಿ ಮಾಡಿಕೊಟ್ಟದ್ದು ಲೈನ್, ನಿಜ. ಆದರೆ ಜಾಗ್ವಾರ್ಸ್ ವಿರುದ್ಧ ಎದುರಾಳಿಗೆ ಬೆನ್ನು ಕೊಟ್ಟು, ಹಿಮ್ಮುಖವಾಗಿಯೇ ಅವನ ಮೇಲಿಂದ ಹಾರಿದನಲ್ಲ, ಅದನ್ನು ಯಾವ ಕೋಚ್ ಹೇಳಿಕೊಟ್ಟಾನು?

ನನ್ನನ್ನು ಕೇಳಿದರೆ, ಈ ವಾರವೇ ಮಗನ ವಿಡಿಯೊ ಹಾಕಿಕೊಂಡು ಕೂತು, ಮುಟ್ಟುವ ಮುಂಚಿನ ಯಾರ್ಡ್, ಮುಟ್ಟಿದ ಮೇಲಿನ ಯಾರ್ಡ್ ಬೇರೆ ಬೇರೆ ಬರೆಯಿರಿ. ಹೊಸ ಶಾಲೆಯ ಟ್ರೋಫಿ ಕಪಾಟು ನೋಡಿ ಮನೆ ಹಿಡಿಯಬೇಡಿ. ರನ್ನಿಂಗ್ ಬ್ಯಾಕ್ ಎಲ್ಲಿ ನಿಲ್ಲುತ್ತಾನೆ, ಪಾಸ್ ಆಡುವಾಗ ಅವನ ಕೆಲಸ ಏನು ಎಂದು ಕೋಚ್‌ನನ್ನೇ ಕೇಳಿ, ಬ್ಲಾಕಿಂಗ್ ಇವತ್ತಿನಿಂದಲೇ ಕಲಿಸಿ. ಹೋಗುವುದು ಬೇಡ, ಇಲ್ಲೇ ಇರುತ್ತೇವೆ ಎಂದರೂ, ಲೈನ್‌ನ ಐವರಲ್ಲಿ ಎಷ್ಟು ಮಂದಿ ಈ ವರ್ಷ ಶಾಲೆ ಮುಗಿಸಿ ಹೋಗುತ್ತಾರೆ ಎಂದು ವಿಚಾರಿಸಿ. ಮೂವರು ಹೋದರೆ ಮುಂದಿನ ವರ್ಷ ಈ ಯಾರ್ಡ್ ಬರುವುದು ಕಷ್ಟ. ಅದನ್ನು ಮಗನಿಗೆ ಈಗಲೇ ಹೇಳಿಬಿಡಿ.